ನಾಯಿಯನ್ನು ಬೋರ್ಡಿಂಗಿಗೆ ಬಿಡುವ ಮುನ್ನ: ಅಂಟುವ ಕೆಮ್ಮಿನ ದಿನದ ಲೆಕ್ಕ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ನಾಯಿಯನ್ನು ಬಿಟ್ಟು ಊರಿಗೆ ಹೋಗುವುದು ಹಿಂದೆ ಚಿಂತೆಯ ವಿಷಯವಾಗಿರಲಿಲ್ಲ. ತೋಟದ ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು, ಅದರ ಪಾಲಿನ ಗಂಜಿ ಹಾಕುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ ಅಥವಾ ಗಲ್ಫ್‌ನಲ್ಲಿ. ಏಪ್ರಿಲ್-ಮೇ ರಜೆ, ಮದುವೆ, ಓಣಂ, ದೀಪಾವಳಿ ಬಂತೆಂದರೆ ನಾಯಿಯನ್ನು ಕಾಸರಗೋಡಿನಲ್ಲೋ ತಲಪಾಡಿ ದಾಟಿ ಮಂಗಳೂರಿನಲ್ಲೋ ಬೋರ್ಡಿಂಗಿಗೆ ಬಿಡಬೇಕಾಗುತ್ತದೆ. ಎಲ್ಲರ ರಜೆಯೂ ಒಂದೇ ಹೊತ್ತಿಗೆ. ಹಾಗಾಗಿ ಹತ್ತಾರು ಮನೆಗಳ ನಾಯಿಗಳು ಅದೇ ವಾರ ಒಂದೇ ಮಾಡಿನಡಿ ಉಸಿರಾಡುತ್ತವೆ. ನಾಯಿ ಮನೆಗೆ ಮರಳಿ ಮೂರು-ನಾಲ್ಕು ದಿನ ಕಳೆಯುವಾಗ ಕೆಮ್ಮು ಶುರುವಾಗುತ್ತದೆ.

ಆಗ ಎಲ್ಲರೂ ಕೇಳುವುದು ಒಂದೇ: 'ಲಸಿಕೆ ಎಲ್ಲ ಹಾಕಿಸಿದ್ದೆವಲ್ಲ, ಮತ್ತೆ ಹೇಗೆ ಬಂತು?' ಲಸಿಕೆ ಕಾರ್ಡು ಬೇಕೇ ಬೇಕು. ಆದರೆ ಅದು ಗೇಟಿನ ಬಳಿ ಮಾಡುವ ತಪಾಸಣೆ ಮಾತ್ರ. ಬೋರ್ಡಿಂಗ್ ಎಷ್ಟು ಸುರಕ್ಷಿತ ಎನ್ನುವುದು ಅಲ್ಲಿನ ಗಾಳಿ ಹೇಗೆ ಓಡಾಡುತ್ತದೆ, ಹೊಸ ನಾಯಿಯನ್ನು ಎಲ್ಲಿ ಇಡುತ್ತಾರೆ, ಲಸಿಕೆಯನ್ನು ಹೊರಡುವ ಎಷ್ಟು ದಿನ ಮೊದಲು ಹಾಕಿಸಿದ್ದೀರಿ ಎಂಬುದರ ಮೇಲೆ ನಿಂತಿದೆ.

ಒಂದೇ ಕೆಮ್ಮು, ಹಲವು ರೋಗಾಣು

ಈ ಅಂಟುವ ಕೆಮ್ಮನ್ನು 'ಕೆನೆಲ್ ಕಾಫ್' ಎಂದು ಕರೆಯುತ್ತಾರೆ. ಅದು ಒಂದು ರೋಗವಲ್ಲ, ಒಂದು ಗುಂಪು. ಇದರಲ್ಲಿ ಮುಖ್ಯವಾದ ಬ್ಯಾಕ್ಟೀರಿಯಾ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ. ಜೊತೆಗೆ ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಅಡಿನೋವೈರಸ್ ಟೈಪ್ 2, ನಾಯಿಗಳ ಉಸಿರಾಟದ ಕೊರೊನಾವೈರಸ್, ಮೈಕೊಪ್ಲಾಸ್ಮಾ ಸೈನೋಸ್, ಕೆಲವೊಮ್ಮೆ ಡಿಸ್ಟೆಂಪರ್ ವೈರಸ್. ಈ ನಾಯಿ ಕೊರೊನಾ ಮನುಷ್ಯರ ಕೋವಿಡ್ ವೈರಸ್ಸಿಗಿಂತ ಬೇರೆ. ಬ್ರಿಟನ್ನಿನಲ್ಲಿ ಅದು ಪತ್ತೆಯಾದದ್ದು 2003ರಲ್ಲಿ. ನಾಯಿಗಳ ಫ್ಲೂ ಕೂಡ ಇದೇ ಸಾಲಿನದು. ಕುದುರೆಗಳಿಂದ ಬಂದ ಎಚ್3ಎನ್8 ತಳಿ 2004ರಲ್ಲಿ ಅಮೆರಿಕದ ಫ್ಲೋರಿಡಾದ ರೇಸ್ ನಾಯಿಗಳಲ್ಲಿ ಕಾಣಿಸಿಕೊಂಡಿತು. ಹಕ್ಕಿ ಮೂಲದ ಎಚ್3ಎನ್2 ತಳಿ 2015ರಲ್ಲಿ ಷಿಕಾಗೋ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಹರಡಿತು.

ಎರಡು ರೋಗಾಣು ಒಟ್ಟಿಗೆ ಸೇರಿದಾಗ ಕಾಯಿಲೆ ಜೋರಾಗುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಕೂದಲೆಳೆಗಳಿವೆ. ಗಾಳಿಗೆ ಬಾಗುವ ಭತ್ತದ ಗದ್ದೆಯ ಹಾಗೆ ಅವು ಒಂದೇ ದಿಕ್ಕಿಗೆ ಬಾಗಿ ಬಾಗಿ ಕಫವನ್ನೂ ಧೂಳನ್ನೂ ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ಬೋರ್ಡೆಟೆಲ್ಲಾ ಈ ಎಳೆಗಳಿಗೇ ಅಂಟಿಕೊಂಡು ತನ್ನ ವಿಷದಿಂದ ಅವುಗಳ ಚಲನೆ ನಿಲ್ಲಿಸುತ್ತದೆ. ಕಫ ಕೆಳಗೇ ನಿಲ್ಲುತ್ತದೆ, ಬೇರೆ ರೋಗಾಣುಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಈ ಎಳೆಗಳು ಮತ್ತೆ ಬೆಳೆದು ಕೆಲಸ ಶುರುಮಾಡಲು ಎರಡು-ಮೂರು ವಾರ ಬೇಕು. ಹಾಗಾಗಿಯೇ ರೋಗಾಣು ಹೋದ ಮೇಲೂ ಕೆಮ್ಮು ಉಳಿಯುತ್ತದೆ, ಅಷ್ಟು ದಿನ ಓಟ-ಆಟ ಬೇಡ ಎಂದು ಡಾಕ್ಟರು ಹೇಳುತ್ತಾರೆ.

ಮೀನಿನ ಮುಳ್ಳು ಸಿಕ್ಕಿದ್ದಲ್ಲ

ಈ ಕೆಮ್ಮು ಒಣಗಿದ್ದು, ಗಟ್ಟಿ ಸದ್ದಿನದು. ಸಾಲಾಗಿ ನಾಲ್ಕೈದು ಸಲ ಕೆಮ್ಮಿ, ಕೊನೆಗೆ ಓಕರಿಸಿ, ಬಿಳಿ ನೊರೆ ಉಗುಳುತ್ತದೆ. ನಮ್ಮಲ್ಲಿ ನೋಡಿದವರು ಮೊದಲು ಹೇಳುವುದು 'ಬಂಗುಡೆ ಮುಳ್ಳು ಸಿಕ್ಕಿರಬೇಕು' ಎಂದು. ಕೊರಳ ಪಟ್ಟಿ ಎಳೆದಾಗ, ಖುಷಿಯಿಂದ ಕುಣಿದಾಗ ಕೆಮ್ಮು ಹೆಚ್ಚುತ್ತದೆ. ಊಟ, ಆಟ, ಬಾಲ ಆಡಿಸುವುದು ಎಲ್ಲ ಸರಿಯಾಗಿದ್ದು ಕೆಮ್ಮು ಮಾತ್ರ ಇದ್ದರೆ ಹೆಚ್ಚಿನ ನಾಯಿಗಳು ಒಂದರಿಂದ ಮೂರು ವಾರದಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಕಾಣುವುದು ರೇಬೀಸಿನ ಲಕ್ಷಣವೂ ಆಗಿರಬಹುದು. ಕೆಳದವಡೆ ಜೋಲುವುದು, ಜೊಲ್ಲು ಸುರಿಯುವುದು, ನೀರು ನುಂಗಲಾಗದಿರುವುದು, ಬೊಗಳುವ ಸ್ವರ ಬದಲಾಗುವುದು, ಮೂಲೆ ಹಿಡಿಯುವುದು ಅಥವಾ ಕಾರಣವಿಲ್ಲದೆ ಕಚ್ಚಲು ಬರುವುದು: ಇವುಗಳಲ್ಲಿ ಯಾವುದು ಕಂಡರೂ, ಅದರಲ್ಲೂ ರೇಬೀಸ್ ಲಸಿಕೆ ಬಾಕಿ ಇದ್ದರೆ ಅಥವಾ ಬೀದಿನಾಯಿಯೊಡನೆ ಕಚ್ಚಾಟ ಆಗಿದ್ದರೆ, ಮುಳ್ಳು ತೆಗೆಯಲೆಂದು ಬಾಯಿಗೆ ಕೈ ಹಾಕಬಾರದು. ನಾಯಿಯನ್ನು ಕಟ್ಟಿ ಅಥವಾ ಕೋಣೆಯಲ್ಲಿ ಕೂಡಿ, ಮೃಗಾಸ್ಪತ್ರೆಗೆ ಫೋನ್ ಮಾಡಿ. ಜೊಲ್ಲು ತಾಗಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಎಲ್ಲ ಕೆಮ್ಮೂ ಅಂಟುವ ಕೆಮ್ಮಲ್ಲ. ಮುದಿ ಪೊಮೆರೇನಿಯನ್, ಸ್ಪಿಟ್ಜ್ ನಾಯಿಗಳಲ್ಲಿ ಶ್ವಾಸನಾಳ ಕುಗ್ಗಿ ಅಥವಾ ಹೃದಯ ದೊಡ್ಡದಾಗಿ ಕೆಮ್ಮು ಬರುತ್ತದೆ. ಕರಾವಳಿಯಲ್ಲಿ ಸೊಳ್ಳೆಯಿಂದ ಬರುವ ಹೃದಯದ ಹುಳವೂ ಇದೆ. ತೋಡಿನ ನೀರು ಕುಡಿಯುವ ತೋಟದ ನಾಯಿಗೆ ಒಂದೇ ಹೊಳ್ಳೆಯಿಂದ ರಕ್ತ ಬರುತ್ತ ಸೀನು ನಿಲ್ಲದಿದ್ದರೆ ಮೂಗಿನೊಳಗೆ ಜಿಗಣೆ ಇದೆಯೇ ಎಂದು ನೋಡಿಸಬೇಕು.

ನ್ಯುಮೋನಿಯಾಕ್ಕೆ ತಿರುಗುತ್ತಿರುವ ಸೂಚನೆಯನ್ನು ಮನೆಯಲ್ಲೇ ಗಮನಿಸಲು ಎರಡು ಅಳತೆಗಳಿವೆ. ನಾಯಿ ನಿದ್ರಿಸುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ: ಆರೋಗ್ಯವಂತ ನಾಯಿಯಲ್ಲಿ ಅದು 30ರ ಒಳಗಿರುತ್ತದೆ. ಸತತವಾಗಿ 40 ದಾಟಿದರೆ ಅಂದೇ ಡಾಕ್ಟರಿಗೆ ತೋರಿಸಿ. ಗುದದಲ್ಲಿ ಇಟ್ಟು ನೋಡುವ ಡಿಜಿಟಲ್ ಥರ್ಮಾಮೀಟರಿನಲ್ಲಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ಜ್ವರ. ತುದಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿಕೊಳ್ಳಿ. ಹಸಿರು-ಹಳದಿ ಸಿಂಬಳ, ಊಟ ಬಿಡುವುದು, ಒಸಡು ನೀಲಿಗಟ್ಟುವುದು ಇದ್ದರೆ ಅಳತೆಗೂ ಕಾಯಬೇಡಿ. ನಾಲ್ಕು ತಿಂಗಳೊಳಗಿನ ಮರಿ, ಮುದಿ ನಾಯಿ, ಪಗ್ ಮತ್ತು ಶಿಟ್ಜೂ ಥರದ ಚಪ್ಪಟೆ ಮೂತಿಯವು ಬೇಗ ಬಳಲುತ್ತವೆ.

ದಿನಗಳ ಲೆಕ್ಕ

ಬೋರ್ಡೆಟೆಲ್ಲಾ ಒಳಹೊಕ್ಕ ಮೇಲೆ ಕೆಮ್ಮು ಕಾಣಲು ಸಾಮಾನ್ಯವಾಗಿ 2ರಿಂದ 10 ದಿನ ಬೇಕು. ಪ್ಯಾರಾಇನ್‌ಫ್ಲುಯೆಂಜಾಕ್ಕೆ 3ರಿಂದ 10 ದಿನ, ಫ್ಲೂಗೆ 2ರಿಂದ 4 ದಿನ. ಡಿಸ್ಟೆಂಪರ್ ಒಂದರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ತಡ. ಕೆಮ್ಮು ಶುರುವಾಗುವ ಮೊದಲೇ ನಾಯಿ ರೋಗಾಣು ಹರಡಲು ಆರಂಭಿಸುತ್ತದೆ. ಅಂದರೆ ಬೋರ್ಡಿಂಗಿನ ಬಾಗಿಲಲ್ಲಿ 'ನಾಯಿ ಆರಾಮಾಗಿದೆ' ಎಂದು ನೋಡಿ ಒಳಗೆ ಬಿಡುವುದರಿಂದ ಕಾಯಿಲೆ ಹೊರಗೆ ನಿಲ್ಲುವುದಿಲ್ಲ.

ಮತ್ತೊಂದು ತುದಿಯಲ್ಲಿ, ಗುಣವಾದ ನಾಯಿಯೂ ಹರಡುತ್ತಿರಬಹುದು. ಪ್ಯಾರಾಇನ್‌ಫ್ಲುಯೆಂಜಾ ಒಂದೆರಡು ವಾರದಲ್ಲಿ ಮುಗಿಯುತ್ತದೆ. ಎಚ್3ಎನ್2 ಫ್ಲೂ ಮೂರು ವಾರದವರೆಗೂ ಮೂಗಿನಿಂದ ಹೊರಬೀಳುತ್ತದೆ. ಬೋರ್ಡೆಟೆಲ್ಲಾ ವಾರಗಟ್ಟಲೆ, ಕೆಲವು ನಾಯಿಗಳಲ್ಲಿ ಎರಡು-ಮೂರು ತಿಂಗಳು ಉಳಿಯುತ್ತದೆ. ಕೆಮ್ಮು ನಿಂತ ಮರುದಿನವೇ ನಾಯಿಯನ್ನು ಬೋರ್ಡಿಂಗಿಗೆ ಕರೆದೊಯ್ಯುವುದು ಬೇರೆ ನಾಯಿಗಳಿಗೆ ಮಾಡುವ ಅನ್ಯಾಯ. ಕಡಿಮೆಯೆಂದರೆ ಎರಡು ವಾರ ತಡೆಯಿರಿ.

ಲಸಿಕೆ: ಯಾವುದು, ಯಾವಾಗ

ವರ್ಷಕ್ಕೊಮ್ಮೆ ಹಾಕಿಸುವ 'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಇಂಜೆಕ್ಷನ್ನಿನಲ್ಲಿ ಡಿಸ್ಟೆಂಪರ್, ಅಡಿನೋವೈರಸ್, ಪಾರ್ವೊ (ವಾಂತಿ-ಭೇದಿ ತರುವ ವೈರಸ್), ಪ್ಯಾರಾಇನ್‌ಫ್ಲುಯೆಂಜಾ, ಇಲಿಜ್ವರ ಇವುಗಳ ಲಸಿಕೆ ಇರುತ್ತದೆ. ಬೋರ್ಡೆಟೆಲ್ಲಾದ್ದು ಸಾಮಾನ್ಯವಾಗಿ ಇರುವುದಿಲ್ಲ. 'ಎಲ್ಲ ಹಾಕಿಸಿದ್ದೇವೆ' ಎನ್ನುವವರ ಕಾರ್ಡಿನಲ್ಲಿ ಬಿಟ್ಟುಹೋಗಿರುವುದು ಹೆಚ್ಚಾಗಿ ಇದೇ. ಕೆನೆಲ್ ಕಾಫ್ ಲಸಿಕೆಯನ್ನು ಬೇರೆಯಾಗಿ ಕೇಳಿ ಹಾಕಿಸಬೇಕು.

ಅದರಲ್ಲಿ ಮೂಗಿಗೆ ಬಿಡುವ ಹನಿಯೂ ಇದೆ, ಚರ್ಮದಡಿ ಚುಚ್ಚುವುದೂ ಇದೆ. ಮೂಗಿನ ಲಸಿಕೆ ಒಂದೇ ಡೋಸ್. ನೊಬಿವ್ಯಾಕ್ ಕೆಸಿ ಎಂಬ ಬ್ರ್ಯಾಂಡ್ ಆದರೆ 0.4 ಮಿಲಿಲೀಟರ್, ಒಂದು ಹೊಳ್ಳೆಗೆ. ಬೋರ್ಡೆಟೆಲ್ಲಾ ವಿರುದ್ಧ 72 ಗಂಟೆಯಲ್ಲಿ ರಕ್ಷಣೆ ಶುರುವಾದರೂ ಅದರಲ್ಲೇ ಇರುವ ಪ್ಯಾರಾಇನ್‌ಫ್ಲುಯೆಂಜಾ ವಿರುದ್ಧ ಮೂರು ವಾರ ಬೇಕು. ಚುಚ್ಚುವ ಲಸಿಕೆ ಮೊದಲ ಸಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಎರಡನೆಯದರ ಮೇಲೆ ಇನ್ನೊಂದು ವಾರ. ಆದ್ದರಿಂದ ಪ್ರಯಾಣದ ಟಿಕೆಟ್ ಮಾಡಿದ ದಿನವೇ ಡಾಕ್ಟರ ಬಳಿ ಹೋಗುವುದು ಒಳ್ಳೆಯದು: ಆರು ವಾರ ಮೊದಲಾದರೆ ಯಾವ ಲಸಿಕೆಗೂ ಸಮಯ ಸಾಲುತ್ತದೆ, ಮೂರು ವಾರವಾದರೆ ಮೂಗಿನ ಲಸಿಕೆಗೆ ಸಾಕು. ಬಿಡುವ ದಿನ ಬೆಳಗ್ಗೆ ಹಾಕಿಸಿದ ಲಸಿಕೆ ಕಾರ್ಡಿಗೆ ಸೀಲು ತರುತ್ತದೆ, ನಾಯಿಗೆ ರಕ್ಷಣೆ ತರುವುದಿಲ್ಲ.

ಮೂಗಿನ ಲಸಿಕೆಯಲ್ಲಿರುವುದು ಜೀವಂತ, ಆದರೆ ದುರ್ಬಲಗೊಳಿಸಿದ ರೋಗಾಣು. ಹಾಕಿದ ಮೇಲೆ ಕೆಲವು ದಿನ ಸಣ್ಣ ಸೀನು, ಕೆಮ್ಮು ಬರಬಹುದು. ಅದೇ ಸಮಯದಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರೆ ಲಸಿಕೆಯ ಬ್ಯಾಕ್ಟೀರಿಯಾ ಸತ್ತು ಲಸಿಕೆ ವ್ಯರ್ಥ. ಒಂದು ವಾರದೊಳಗೆ ಕೊಡಬೇಕಾಗಿ ಬಂದರೆ ಕೋರ್ಸ್ ಮುಗಿದ ಮೇಲೆ ಲಸಿಕೆ ಮತ್ತೆ ಹಾಕಿಸಬೇಕು. ಮೂಗಿಗೆ ಬಿಡುವುದನ್ನು ಚುಚ್ಚಿದರೆ ಬಾವು, ಕೀವು ಆಗುತ್ತದೆ. ಔಷಧದ ಅಂಗಡಿಯಿಂದ ನೀವೇ ಕೊಂಡು ಮೃಗಾಸ್ಪತ್ರೆಗೆ ಒಯ್ಯುವುದಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಳಿಯುವ ಹಾಗೆ ಐಸ್ ಪ್ಯಾಕ್ ಇರುವ ಫ್ಲಾಸ್ಕಿನಲ್ಲಿ ಒಯ್ಯಿರಿ, ಬಾಟಲಿ ಐಸಿಗೆ ನೇರ ತಾಗದಿರಲಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ, ಅಂಗಡಿಯ ಫ್ರಿಜ್ಜಿಗೆ ಇನ್ವರ್ಟರ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮರಿಗಳಿಗೆ 6–8 ವಾರದಲ್ಲಿ ಶುರುಮಾಡಿ 16 ವಾರ ತುಂಬುವವರೆಗೆ ಪ್ರತಿ 3–4 ವಾರಕ್ಕೊಮ್ಮೆ ಮುಖ್ಯ ಲಸಿಕೆ ಹಾಕಬೇಕು; ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮೊದಲ ಡೋಸುಗಳನ್ನು ತಟಸ್ಥ ಮಾಡಬಹುದು. ಈ ಸರಣಿ ಮುಗಿಯದ ಮರಿಯನ್ನು ಬೋರ್ಡಿಂಗಿಗೆ ಬಿಡಲೇಬಾರದು. ಎಷ್ಟೇ ಒಳ್ಳೆಯ ಜಾಗವಾದರೂ ಸರಿ. ಡಿಸ್ಟೆಂಪರ್ ಕೆಮ್ಮಿನಿಂದ ಶುರುವಾಗಿ ನರಗಳಿಗೆ ಹೋಗುವ ರೋಗ, ಅದರಿಂದ ಬದುಕಿ ಉಳಿದ ನಾಯಿಗಳೂ ಎಷ್ಟೋ ಸಲ ಜೀವನವಿಡೀ ಸೆಳೆತದಿಂದ ನರಳುತ್ತವೆ.

ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸ್ ಬೇಕು, ಅದಕ್ಕೆ ರೇಬೀಸ್ ಲಸಿಕೆಯ ಸರ್ಟಿಫಿಕೇಟ್ ಬೇಕು. ಬೋರ್ಡಿಂಗಿಗೆ ಹೋಗುವಾಗ ಇವೆರಡರ ಪ್ರತಿಯನ್ನೂ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಜಾಗ ನೋಡುವಾಗ ಮೂಗು ಮೊದಲು, ಕಣ್ಣು ಆಮೇಲೆ

ಫೋಟೋ ನೋಡಿ ನಿರ್ಧರಿಸಬೇಡಿ, ಹೋಗಿ ನೋಡಿ. ನಾಯಿಗಳು ಮಲಗುವ ಕೋಣೆಗೆ ಬಿಡುವುದಿಲ್ಲ ಎಂದರೆ, ಕಡೇಪಕ್ಷ ಬಾಗಿಲಿನಿಂದಲಾದರೂ ತೋರಿಸಲಿ. ಒಳಗೆ ಹೋದಾಗ ಕುಕ್ಕರಗಾಲಲ್ಲಿ ಕುಳಿತು, ನಾಯಿಯ ಮೂಗಿನ ಎತ್ತರದಲ್ಲಿ ಉಸಿರೆಳೆದುಕೊಳ್ಳಿ. ಮೂತ್ರದ ಘಾಟು ಮೂಗಿಗೆ ಚುಚ್ಚಿದರೆ ಅಲ್ಲಿ ಗಾಳಿ ಬದಲಾಗುತ್ತಿಲ್ಲ. ಆ ಅಮೋನಿಯಾ ಶ್ವಾಸನಾಳವನ್ನೂ ಕೆರಳಿಸುತ್ತದೆ. ಫಿನಾಯಿಲಿನ ವಾಸನೆ ಘಂ ಎಂದು ಬರುತ್ತಿದ್ದರೆ ಅದು ಶುಚಿತ್ವದ ಗುರುತಲ್ಲ. ಘಾಟನ್ನು ಮುಚ್ಚಿದ್ದಾರೆ ಅಷ್ಟೆ.

ನಾಯಿ ಕೋಣೆಯಲ್ಲಿ ಗಂಟೆಗೆ 10ರಿಂದ 20 ಸಲ ಗಾಳಿ ಪೂರ್ತಿ ಬದಲಾಗಬೇಕು ಎನ್ನುವುದು ನಾಯಿಗೂಡುಗಳಿಗೆ ಬಹುಕಾಲದಿಂದ ಹೇಳುವ ಅಳತೆ. ಲೆಕ್ಕ ಸುಲಭ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ ಇದೆ. ಹತ್ತು ಸಲಕ್ಕೆ ಗಂಟೆಗೆ 340 ಘನ ಮೀಟರ್ ಹೊರಗೆ ಹೋಗಬೇಕು. ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಅದು ಎಷ್ಟು ಗಾಳಿ ಎಳೆಯುತ್ತದೆ ಎಂದು ಬರೆದಿರುತ್ತದೆ, ಹೋಲಿಸಿ ನೋಡಬಹುದು. ಆದರೆ ಎದುರು ಗೋಡೆಯಲ್ಲಿ ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನೂ ಉಪಯೋಗವಿಲ್ಲ. ಸೀಲಿಂಗ್ ಫ್ಯಾನ್ ಅದೇ ಗಾಳಿಯನ್ನು ತಿರುಗಿಸುತ್ತದೆ. ಸ್ಪ್ಲಿಟ್ ಎಸಿ ಅದೇ ಗಾಳಿಯನ್ನು ತಣ್ಣಗೆ ಮಾಡುತ್ತದೆ. 'ಎಸಿ ರೂಮ್' ಎಂದು ಹೆಚ್ಚು ಹಣ ತೆಗೆದುಕೊಳ್ಳುವ ಮುಚ್ಚಿದ ಕೋಣೆಯಲ್ಲಿ ಎಂಟು ನಾಯಿಗಳಿದ್ದರೆ, ಹೆಂಚಿನ ಮಾಡು ಮತ್ತು ಜಾಲರಿ ಕಿಟಕಿಯ ಹಳೇ ಶೆಡ್ಡೇ ಅದಕ್ಕಿಂತ ಸುರಕ್ಷಿತ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಇರಚಲು ಬೀಳುತ್ತದೆಂದು ಕಿಟಕಿಗಳನ್ನೆಲ್ಲ ಟಾರ್ಪಾಲಿನಿಂದ ಮುಚ್ಚುತ್ತಾರೆ. ಮಳೆಗಾಲದಲ್ಲಿ ಬಿಡುವುದಿದ್ದರೆ ಮಳೆ ಬರುವ ದಿನವೇ ಹೋಗಿ ನೋಡಿ.

ಆಮೇಲೆ ಗೂಡುಗಳ ನಡುವಿನ ಗೋಡೆ. ಬರೀ ಜಾಲರಿಯಾದರೆ ಪಕ್ಕದ ನಾಯಿಗಳು ಮೂಗಿಗೆ ಮೂಗು ತಾಗಿಸುತ್ತವೆ. ನಿಂತ ನಾಯಿಯ ತಲೆಗಿಂತ ಎತ್ತರಕ್ಕೆ ಸಿಮೆಂಟು, ಟೈಲ್ಸ್ ಅಥವಾ ಗಟ್ಟಿ ಶೀಟು ಇರಬೇಕು. ನೀರಿನ ಬಟ್ಟಲು, ಹಾಸಿಗೆ ಪ್ರತಿ ನಾಯಿಗೂ ಬೇರೆ. ಅಂಗಳದಲ್ಲಿ ಎಲ್ಲವನ್ನೂ ಒಟ್ಟಿಗೆ ಆಡಲು ಬಿಡುವುದನ್ನು ಕೆಲವರು ದೊಡ್ಡ ಸೌಲಭ್ಯವೆಂದು ಹೇಳುತ್ತಾರೆ. ಹಬ್ಬದ ದಟ್ಟಣೆಯ ವಾರದಲ್ಲಿ ಅದನ್ನು ಬೇಡವೆನ್ನಿ. ನಿಮ್ಮ ನಾಯಿ ಒಂಟಿಯಾಗಿ ಅಂಗಳದಲ್ಲಿ ಅರ್ಧ ಗಂಟೆ ಅಡ್ಡಾಡಲಿ. ಮನೆಮನೆಯಿಂದ ಹತ್ತಿಸಿಕೊಂಡು ಬರುವ ವ್ಯಾನೂ ಒಂದು ಮುಚ್ಚಿದ ಕೋಣೆಯೇ. ನಿಮ್ಮ ಗಾಡಿಯಲ್ಲೇ ಕರೆದೊಯ್ದು ಬಿಟ್ಟು ಬನ್ನಿ.

ಹೊಸದಾಗಿ ಬಂದ ನಾಯಿಯನ್ನು ಎರಡು ವಾರ ಬೇರೆ ಇಡುವುದು ಬೋರ್ಡಿಂಗಿನಲ್ಲಿ ಆಗದ ಮಾತು. ಆಗುವ ಕೆಲಸವೊಂದಿದೆ: ಒಂದೇ ದಿನ ಬಂದವುಗಳನ್ನು ಒಂದು ಕೋಣೆಯಲ್ಲಿ ಇಟ್ಟು, ಆ ಗುಂಪು ಪೂರ್ತಿ ಹೋಗುವವರೆಗೆ ಅಲ್ಲಿಗೆ ಇನ್ನೊಂದನ್ನು ಸೇರಿಸದಿರುವುದು. ಹೀಗೆ ಮಾಡುವವರು ಸಿಕ್ಕಿದರೆ ಆ ಜಾಗವನ್ನು ಕೈತಪ್ಪಿಸಿಕೊಳ್ಳಬೇಡಿ. 'ಕೆಮ್ಮುವ ನಾಯಿಯನ್ನು ಎಲ್ಲಿ ಇಡುತ್ತೀರಿ?' ಎಂದು ಕೇಳಿ. ಬೇರೆ ಕಟ್ಟಡವೋ, ಬೇರೆ ಬಾಗಿಲಿನ ಕೋಣೆಯೋ ತೋರಿಸಿದರೆ ಸರಿ. 'ನಮ್ಮಲ್ಲಿ ಕೆಮ್ಮು ಬಂದೇ ಇಲ್ಲ' ಎಂಬ ಉತ್ತರ ಬಂದರೆ ಬೇರೆ ಜಾಗ ಹುಡುಕಿ. ಕೆಲಸದವರು ಮರಿಗಳಿಂದ ಶುರುಮಾಡಿ, ಆರೋಗ್ಯವಂತ ನಾಯಿಗಳನ್ನು ಮುಗಿಸಿ, ಕೆಮ್ಮುವ ನಾಯಿಯ ಬಳಿ ಕೊನೆಗೆ ಹೋಗಬೇಕು; ಅಲ್ಲಿಗೆ ಬೇರೆ ಚಪ್ಪಲಿ, ಬೇರೆ ಅಂಗಿ. ಫ್ಲೂ ವೈರಸ್ ಗಟ್ಟಿ ಮೇಲ್ಮೈಯಲ್ಲಿ 48 ಗಂಟೆ, ಬಟ್ಟೆಯಲ್ಲಿ 24 ಗಂಟೆ, ಕೈಯಲ್ಲಿ 12 ಗಂಟೆ ಬದುಕಬಲ್ಲದು.

ತೊಳೆಯುವ ಕ್ರಮ

ಇದನ್ನು ಬೋರ್ಡಿಂಗ್ ನಡೆಸುವವರಿಗಾಗಿ ಬರೆಯುತ್ತಿದ್ದೇವೆ, ಎರಡು-ಮೂರು ನಾಯಿ ಇರುವ ಮನೆಯವರಿಗೂ ಬೇಕಾಗುತ್ತದೆ. ನಾಯಿಯನ್ನು ಹೊರಗೆ ಕಟ್ಟಿ. ಮಲ, ಕೂದಲು ತೆಗೆದು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಕೊಳೆ ಉಳಿದರೆ ಬ್ಲೀಚು ಅದರ ಮೇಲೆಯೇ ವ್ಯಯವಾಗುತ್ತದೆ. ಮೂತ್ರದ ಮೇಲೆ ನೇರ ಬ್ಲೀಚ್ ಸುರಿದರೆ ಕಣ್ಣು-ಗಂಟಲು ಉರಿಸುವ ಅನಿಲ ಏಳುತ್ತದೆ. ಆಮೇಲೆ ಒಂದು ಲೀಟರ್ ನೀರಿಗೆ 5 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ, ತಿಳಿ ನೀರನ್ನು ಹರಡಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಹಾಕಿದ ತಕ್ಷಣ ತೊಳೆದುಬಿಟ್ಟರೆ ಸಾಬೂನಿಗೆ ಬಗ್ಗದ ಅಡಿನೋವೈರಸ್, ಪಾರ್ವೊ ಸಾಯುವುದಿಲ್ಲ. ಕೊನೆಗೆ ನೀರಿನಿಂದ ತೊಳೆದು ವೈಪರಿನಿಂದ ಎಳೆದು ಪೂರ್ತಿ ಒಣಗಿಸಿದ ಮೇಲೆಯೇ ನಾಯಿ ಒಳಗೆ. ನಮ್ಮ ತೇವದ ಹವೆಯಲ್ಲಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ: ಚಿಕ್ಕ ಪ್ಯಾಕೆಟ್ ಕೊಂಡು, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ದ್ರಾವಣವನ್ನು ದಿನವೂ ಹೊಸದಾಗಿ ಮಾಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಪ್ರಾಣಕ್ಕೇ ಅಪಾಯ. ನಾಯಿಗಳು ಒಳಗಿರುವಾಗ ಪ್ರೆಷರ್ ಪಂಪು ಹೊಡೆಯಬೇಡಿ, ನೆಲದ ರೋಗಾಣುವನ್ನು ಅದು ತುಂತುರಾಗಿ ಗಾಳಿಗೆ ಏರಿಸುತ್ತದೆ.

ಕೆಮ್ಮು ಬಂದೇಬಿಟ್ಟರೆ

ಬಿಡುವ ದಿನವೇ ಒಂದು ಹಾಳೆಯಲ್ಲಿ ಬರೆದು ಕೊಡಿ: ನಿಮ್ಮ ಮತ್ತು ಊರಿನಲ್ಲಿರುವ ಒಬ್ಬರ ಫೋನ್ ನಂಬರ್, ಯಾವ ಡಾಕ್ಟರು, ನಿಮ್ಮನ್ನು ಕೇಳದೆ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು. ಗಲ್ಫ್‌ಗೆ ಹೋಗುವ ವಿಮಾನದಲ್ಲಿದ್ದಾಗ ನಿಮ್ಮ ಫೋನ್ ಸಿಗುವುದಿಲ್ಲ. ಬೋರ್ಡಿಂಗಿನವರು ಕೆಮ್ಮು ಕಂಡ ದಿನವೇ ನಾಯಿಯನ್ನು ಬೇರ್ಪಡಿಸಿ, ಅದರ ಜೊತೆ ಇದ್ದ ಎಲ್ಲ ನಾಯಿಗಳ ಮನೆಯವರಿಗೆ ಹೇಳಬೇಕು, ಆ ಕೋಣೆಗೆ ಎರಡು ವಾರ ಹೊಸಬರನ್ನು ತೆಗೆದುಕೊಳ್ಳಬಾರದು. ಹೆಸರು ಕೆಡುತ್ತದೆಂದು ಮುಚ್ಚಿಟ್ಟಾಗಲೇ ಒಂದು ನಾಯಿಯ ಕೆಮ್ಮು ಹತ್ತು ಮನೆಗೆ ಹೋಗುವುದು.

ಚುರುಕಾಗಿರುವ ನಾಯಿಗೆ ಆ್ಯಂಟಿಬಯಾಟಿಕ್ ಬೇಡ. ಜ್ವರ, ಮಂಕು, ಹಳದಿ ಸಿಂಬಳ ಇದ್ದರೆ, ಅಥವಾ ಹತ್ತು ದಿನ ಕಳೆದರೂ ಇಳಿಯದಿದ್ದರೆ ಡಾಕ್ಟರು ಸಾಮಾನ್ಯವಾಗಿ ಮೊದಲು ಕೊಡುವುದು ಡಾಕ್ಸಿಸೈಕ್ಲಿನ್, 7ರಿಂದ 10 ದಿನ. ಅದನ್ನು ಊಟದ ಜೊತೆ ಕೊಡಿ, ಹಾಲಿನ ಜೊತೆ ಬೇಡ. ಮನುಷ್ಯರ ಕೆಮ್ಮಿನ ಸಿರಪ್ಪಿನಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಯ ರಕ್ತದ ಸಕ್ಕರೆ ಕುಸಿಯುತ್ತದೆ. ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೆನ್ ಹೊಟ್ಟೆ ಮತ್ತು ಮೂತ್ರಪಿಂಡ ಕೆಡಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಕಷಾಯವೂ ಬೇಡ, ನಾಯಿಯ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ಕೊರಳ ಪಟ್ಟಿ ತೆಗೆದು ಎದೆಪಟ್ಟಿ ಹಾಕಿ. ಬಿಸಿನೀರು ಬಿಟ್ಟು ಆವಿ ತುಂಬಿಸಿದ ಬಚ್ಚಲಲ್ಲಿ ಹತ್ತು ನಿಮಿಷ ಜೊತೆಗೆ ಕುಳಿತರೆ ಕಫ ಸಡಿಲವಾಗುತ್ತದೆ. ಚಪ್ಪಟೆ ಮೂತಿಯ ನಾಯಿಗಳಿಗೆ ಇದನ್ನು ಮಾಡಬೇಡಿ, ಸೆಕೆಗೆ ಅವುಗಳ ಉಸಿರು ಕಟ್ಟುತ್ತದೆ. ಒಲೆಯ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ ಇರುವ ಕೋಣೆಯಿಂದ ದೂರ ಇಡಿ.

ಬೋರ್ಡಿಂಗಿನಿಂದ ಬಂದ ನಾಯಿ ಚೆನ್ನಾಗಿಯೇ ಇದ್ದರೂ 14 ದಿನ ಮನೆಯ ಬೇರೆ ನಾಯಿಗಳಿಂದ, ಹೆರಿಗೆಯಾದ ಹೆಣ್ಣುನಾಯಿ ಮತ್ತು ಮರಿಗಳಿಂದ ದೂರ ಇರಲಿ. ಬೆಕ್ಕಿಗೂ ಬೋರ್ಡೆಟೆಲ್ಲಾ ಅಂಟುತ್ತದೆ. ಮನುಷ್ಯರಿಗೆ ಅಂಟುವುದು ಬಹಳ ಅಪರೂಪ, ಆದರೆ ಮನೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವವರೋ ಅಂಗಾಂಗ ಕಸಿ ಮಾಡಿಸಿಕೊಂಡವರೋ ಇದ್ದರೆ ಕೆಮ್ಮುವ ನಾಯಿಯ ಆರೈಕೆ ಬೇರೆಯವರು ಮಾಡಲಿ. ಮೂಗಿಗೆ ಜೀವಂತ ಲಸಿಕೆ ಹಾಕಿಸುವಾಗಲೂ ನಾಯಿಯನ್ನು ಅವರು ಹಿಡಿದುಕೊಳ್ಳಬಾರದು.

ಮರಿ, ಮುದಿ ನಾಯಿ, ಹೃದಯದ ತೊಂದರೆ ಇರುವ ನಾಯಿಗಳಿಗೆ ಇಷ್ಟೆಲ್ಲ ನೋಡಿದ ಮೇಲೂ ಮನೆಯೇ ಮೇಲು. ನೆರೆಮನೆಯವರಿಗೆ ಬೀಗದ ಕೈ ಕೊಟ್ಟು, ದಿನಕ್ಕೆ ಎರಡು ಹೊತ್ತು ಬಂದು ಊಟ ಹಾಕಿ, ಅಂಗಳದಲ್ಲಿ ಸ್ವಲ್ಪ ಹೊತ್ತು ಬಿಡುವ ಏರ್ಪಾಡು ಮಾಡಿ. ಹೊರಡುವ ಒಂದು ವಾರ ಮೊದಲೇ ಅವರು ಬಂದು ಊಟ ಹಾಕಲು ಶುರುಮಾಡಿದರೆ ನಾಯಿಗೆ ಅಭ್ಯಾಸವಾಗುತ್ತದೆ.